ರಾಜನ ಹಲ್ಲುನೋವು, ಆಮೆಯ ಚಿಪ್ಪು: ಚೀನೀ ಲಿಪಿಯ ಬಾಲ್ಯ ಎಲ್ಲಿ ಹೋಯ್ತು?

(ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)



ಸುಮಾರು 3,200 ವರ್ಷದ ಹಿಂದಿನ ಮಾತು. ಉತ್ತರ ಚೀನಾದ ಬಯಲಿನಲ್ಲಿ ವು ದಿಂಗ್ ಅಂತ ಒಬ್ಬ ರಾಜ, ಶಾಂಗ್ ವಂಶದವನು. ಅವನಿಗೆ ಹಲ್ಲುನೋವು ಬಂತು. ಅರಮನೆಯವರಿಗೆ ಅದು ಬರೀ ಹಲ್ಲಿನ ತೊಂದರೆ ಅಲ್ಲ. ಈ ನೋವು ಯಾರ ಕೆಲಸ ಅನ್ನೋದೇ ಪ್ರಶ್ನೆ. ವು ದಿಂಗ್‌ಗಿಂತ ಮುಂಚೆ ಅವನ ಮೂವರು ದೊಡ್ಡಪ್ಪಂದಿರು, ಆಮೇಲೆ ಅವನ ಅಪ್ಪ, ಹೀಗೆ ನಾಲ್ಕು ಜನ ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಪಟ್ಟಕ್ಕೆ ಬಂದು ತೀರಿಕೊಂಡಿದ್ದರು. ಅವರಲ್ಲಿ ಯಾರೋ ಸಿಟ್ಟಾಗಿರಬೇಕು. ಒಬ್ಬೊಬ್ಬರ ಹೆಸರನ್ನೂ ಹಿಡಿದು ಕೇಳಿದರು: ಇವರಾ? ಇವರಲ್ಲವಾ? ನಾಲ್ವರನ್ನೂ ಕರೆಯೋದು 'ಅಪ್ಪ' ಅಂತಲೇ. ನಾವು ದೊಡ್ಡಪ್ಪ, ಚಿಕ್ಕಪ್ಪ ಅಂತ 'ಅಪ್ಪ' ಸೇರಿಸಿಕೊಂಡೇ ಕರೀತೀವಲ್ಲ, ಹೆಚ್ಚು ಕಡಿಮೆ ಹಾಗೇ.

ಇಷ್ಟು ಹಳೇ ಹಲ್ಲುನೋವಿನ ಸುದ್ದಿ ನಮಗೆ ಹೇಗೆ ಗೊತ್ತು? ಬರೆದಿಟ್ಟಿದ್ದಾರೆ. ಆಮೆಯ ಚಿಪ್ಪಿನ ಮೇಲೆ, ಚಾಕುವಿನಿಂದ ಕೊರೆದು. ಚೀನೀ ಲಿಪಿಯಲ್ಲಿ ಇವತ್ತು ನಮಗೆ ಸಿಕ್ಕಿರೋ ಅತಿ ಹಳೆಯ ದೊಡ್ಡ ದಾಖಲೆ ಇಂಥವೇ. ಈ ಲಿಪಿಯ ಬಗ್ಗೆ ಎರಡು ಮಾತು ಎಲ್ಲರ ಬಾಯಲ್ಲೂ ಇವೆ. ಒಂದು, ಅದು ಚಿತ್ರಲಿಪಿ. ಇನ್ನೊಂದು, ಅದು ಹುಟ್ಟಿದ್ದೇ ಶಕುನ ಕೇಳೋಕೆ. ಎರಡೂ ಪೂರ್ತಿ ಸರಿಯಲ್ಲ ಅನ್ನೋದು ನನ್ನ ಮಾತು. ಯಾಕೆ ಅಂತ ನೋಡೋಣ.

ಮೊದಲು ಪ್ರಶ್ನೆ ಕೇಳೋ ಕ್ರಮ. ನಮ್ಮಲ್ಲೂ 'ಪ್ರಶ್ನೆ ಇಡೋದು' ಅಂತೀವಿ, ದೇವರ ಮುಂದೆ ಹೂ ಕೇಳ್ತೀವಿ. ಬಲಕ್ಕೆ ಬಿದ್ದರೆ ಆಗತ್ತೆ, ಎಡಕ್ಕೆ ಬಿದ್ದರೆ ಇಲ್ಲ. ಶಾಂಗ್ ಅರಮನೆಯಲ್ಲಿ ಹೂವಿನ ಬದಲು ಆಮೆಯ ಹೊಟ್ಟೆ ಕಡೆಯ ಚಿಪ್ಪು, ಇಲ್ಲವೇ ದನದ ಹೆಗಲಿನ ಚಪ್ಪಟೆ ಮೂಳೆ. ಅದನ್ನು ಚೊಕ್ಕ ಮಾಡಿ, ಉಜ್ಜಿ ನಯ ಮಾಡಿ, ಹಿಂಬದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿ ತೋಡುತ್ತಿದ್ದರು. ಪ್ರಶ್ನೆ ಹೇಳಿ ಆ ಗುಳಿಗೆ ಕೆಂಡದಂತೆ ಕಾದ ವಸ್ತು ಇಟ್ಟರೆ ಮುಂಬದಿಯಲ್ಲಿ ಚಿಟ್ ಅಂತ ಬಿರುಕು ಬೀಳುತ್ತಿತ್ತು. ಉದ್ದಕ್ಕೊಂದು ಗೀಟು, ಅದರ ಪಕ್ಕಕ್ಕೆ ಚಾಚಿದ ಇನ್ನೊಂದು ಪುಟ್ಟ ಗೀಟು. ಆ ಬಿರುಕನ್ನು ನೋಡಿ ರಾಜನೇ ಅರ್ಥ ಹೇಳುತ್ತಿದ್ದ. ಆಮೇಲೆ ಪ್ರಶ್ನೆ ಏನಿತ್ತು ಅನ್ನೋದನ್ನು ಅದೇ ಚಿಪ್ಪಿನ ಮೇಲೆ ಕೆತ್ತುತ್ತಿದ್ದರು. ಸಾಮಾನ್ಯವಾಗಿ ಬಲಗಡೆ 'ಹೀಗಾಗುತ್ತದೆ', ಎಡಗಡೆ 'ಹೀಗಾಗುವುದಿಲ್ಲ'.

ಇಲ್ಲೊಂದು ಸೊಗಸಾದ ವಿಷಯ ಇದೆ. ಚೀನೀ ಭಾಷೆಯಲ್ಲಿ 'ಶಕುನ ನೋಡು' ಅನ್ನೋದಕ್ಕೆ 'ಬು' ಅನ್ನುತ್ತಾರೆ. ಆ ಅಕ್ಷರದ ಆಕಾರ ಇವತ್ತಿಗೂ ಅದೇ ಬಿರುಕು: ಒಂದು ಉದ್ದ ಗೀಟು, ಪಕ್ಕಕ್ಕೊಂದು ಪುಟ್ಟ ಗೀಟು. ಹಳೇ ಕಾಲದಲ್ಲಿ ಅದರ ಉಚ್ಚಾರ 'ಪುಕ್' ಅನ್ನೋ ಥರ ಇತ್ತು ಅಂತ ಭಾಷಾಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಮೂಳೆ ಸಿಡಿಯೋ ಸದ್ದು!

ಈಗ ಈ ಮೂಳೆಗಳು ಬೆಳಕಿಗೆ ಬಂದ ಕಥೆ. ಚೀನಾದ ಔಷಧಿ ಅಂಗಡಿಗಳಲ್ಲಿ 'ಡ್ರ್ಯಾಗನ್ ಮೂಳೆ' ಅಂತ ಒಂದು ಸರಕು ಮಾರುತ್ತಿದ್ದರು. ಹಳೇ ಮೂಳೆಗಳನ್ನು ಕುಟ್ಟಿ ಪುಡಿ ಮಾಡಿ ಕೊಡೋದು. 1899ರಲ್ಲಿ ಬೀಜಿಂಗ್‌ನ ರಾಜವಿದ್ಯಾಲಯದ ಮುಖ್ಯಸ್ಥರಾಗಿದ್ದ ವಾಂಗ್ ಯಿರೋಂಗ್ ಎಂಬ ವಿದ್ವಾಂಸರು ಇಂಥ ಮೂಳೆಗಳ ಮೇಲಿರುವುದು ಗೀಚು ಅಲ್ಲ, ಪುರಾತನ ಬರಹ ಅಂತ ಗುರುತಿಸಿದರು. ಅವರಿಗೆ ಮಲೇರಿಯಾ ಬಂದಿತ್ತು, ತರಿಸಿದ ಔಷಧಿಯ ಪೊಟ್ಟಣದಲ್ಲೇ ಅಕ್ಷರ ಕಾಣಿಸಿತು ಅಂತ ಒಂದು ಕಥೆ ಎಲ್ಲ ಕಡೆ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಆಮೇಲೆ ಕಟ್ಟಿದ್ದು ಅನ್ನೋರೇ ಹೆಚ್ಚು. ಹಳೇ ವಸ್ತುಗಳ ವ್ಯಾಪಾರಿಗಳು ತಂದು ತೋರಿಸಿದ್ದರು ಅನ್ನೋದು ಹೆಚ್ಚು ನಂಬುವಂಥದ್ದು. ವಾಂಗ್ ಅವರಿಗೆ ಓದಿ ಮುಗಿಸೋಕೆ ಸಮಯವೇ ಸಿಗಲಿಲ್ಲ. 1900ರಲ್ಲಿ ವಿದೇಶಿ ಸೇನೆಗಳು ಬೀಜಿಂಗ್‌ಗೆ ನುಗ್ಗಿದಾಗ ಅವರು ಪ್ರಾಣ ಕಳೆದುಕೊಂಡರು. ಅವರ ಸಂಗ್ರಹದ ಬಹುಪಾಲು ಗೆಳೆಯ ಲಿಯು ಅ ಅವರ ಕೈಸೇರಿ, 1903ರಲ್ಲಿ ಈ ಬರಹಗಳ ಮೊದಲ ಪುಸ್ತಕ ಅಚ್ಚಾಯಿತು.

ಮೂಳೆ ಬರ್ತಿರೋ ಊರು ಯಾವುದು ಅನ್ನೋದನ್ನು ವ್ಯಾಪಾರಿಗಳು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಲಾಭ ಹೋಗತ್ತಲ್ಲ. ಒಂದಿಷ್ಟು ವರ್ಷ ಸುಳ್ಳು ಊರಿನ ಹೆಸರು ಹೇಳಿ ಆಟ ಆಡಿಸಿದರು. 1908ರ ಹೊತ್ತಿಗೆ ಲುವೊ ಝೆನ್‌ಯು ಎಂಬ ವಿದ್ವಾಂಸರು ಪತ್ತೆ ಹಚ್ಚಿದರು: ಹೆನಾನ್ ಪ್ರಾಂತ್ಯದ ಆನ್‌ಯಾಂಗ್ ಪಕ್ಕದ ಶಿಯಾವ್‌ಟುನ್ ಎಂಬ ಹಳ್ಳಿ. ಶಾಂಗ್ ರಾಜರ ಕೊನೆಯ ರಾಜಧಾನಿ ಇದ್ದ ಜಾಗ ಅದು. ರೈತರು ಹೊಲ ಉಳುವಾಗ ಸಿಕ್ಕಿದ್ದನ್ನು ಔಷಧಿ ಅಂಗಡಿಗೆ ತೂಕಕ್ಕೆ ಹಾಕುತ್ತಿದ್ದರು. ಗೀಚಿರೋ ಮೂಳೆ ಬೇಡ ಅಂತ ಅಂಗಡಿಯವರು ತಗಾದೆ ತೆಗೆದರೆ ಅಕ್ಷರಗಳನ್ನು ಹೆರೆದು ಹಾಕಿ ಮಾರಿದ್ದೂ ಉಂಟಂತೆ. ಹಾಗೆ ಎಷ್ಟು ಇತಿಹಾಸ ಕಷಾಯದಲ್ಲಿ ಕರಗಿತೋ!

ಒಂದು ದೊಡ್ಡ ಲಾಭ ಏನಾಯ್ತು ಅಂದ್ರೆ, ಶಾಂಗ್ ವಂಶ ನಿಜಕ್ಕೂ ಇತ್ತು ಅನ್ನೋದು ಗಟ್ಟಿಯಾಯ್ತು. ಅದುವರೆಗೆ ಅದರ ರಾಜರ ಪಟ್ಟಿ ಇದ್ದದ್ದು ಸಿಮಾ ಚಿಯನ್ ಎಂಬ ಇತಿಹಾಸಕಾರ ಬರೆದ ಗ್ರಂಥದಲ್ಲಿ. ಆತ ಬದುಕಿದ್ದು ಆ ರಾಜರಾದ ಸಾವಿರ ವರ್ಷ ಆದ ಮೇಲೆ. ಹಾಗಾಗಿ ಇದೆಲ್ಲ ಪುರಾಣ ಇರಬಹುದು ಅಂತ ಅನುಮಾನ ಪಡೋರು ಇದ್ದರು. 1917ರಲ್ಲಿ ವಾಂಗ್ ಗುವೊವೆಯ್ ಮೂಳೆಗಳಲ್ಲಿ ಬರುವ ರಾಜರ ಹೆಸರುಗಳನ್ನು ಒಂದೊಂದಾಗಿ ಜೋಡಿಸಿ ನೋಡಿದರು. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಪಟ್ಟಿ ತಾಳೆಯಾಯಿತು. 1928ರಿಂದ ಸರ್ಕಾರಿ ಉತ್ಖನನ ಶುರುವಾಯ್ತು. 1936ರಲ್ಲಿ ಒಂದೇ ಗುಂಡಿಯಲ್ಲಿ 17,000ಕ್ಕೂ ಹೆಚ್ಚು ತುಂಡುಗಳು ಸಿಕ್ಕವು. ಬಿಡಿಸಿ ತೆಗೆಯೋಕೆ ಹೊತ್ತಿಲ್ಲ ಅಂತ ಇಡೀ ಮಣ್ಣಿನ ಗಡ್ಡೆಯನ್ನೇ ಕತ್ತರಿಸಿ, ಮರದ ಪೆಟ್ಟಿಗೆಯಲ್ಲಿಟ್ಟು ನಾನ್‌ಜಿಂಗ್‌ಗೆ ಸಾಗಿಸಿದರು.

ಈ ಮೂಳೆಗಳಲ್ಲಿ ಮತ್ತೆ ಮತ್ತೆ ಬರೋ ಒಂದು ಹೆಸರು ಫು ಹಾವ್. ವು ದಿಂಗ್‌ನ ರಾಣಿಯರಲ್ಲಿ ಒಬ್ಬಳು. ಬರೀ ಅಂತಃಪುರದ ಹೆಣ್ಣಲ್ಲ, ದಂಡು ಕಟ್ಟಿಕೊಂಡು ಯುದ್ಧಕ್ಕೆ ಹೋದವಳು. ಒಂದು ದಂಡಯಾತ್ರೆಗೆ ಸಂಬಂಧಿಸಿದ ಮೂಳೆಯಲ್ಲಿ 13,000 ಜನರ ಲೆಕ್ಕ ಇದೆ. ಈಕೆ ಬಸುರಿಯಾದಾಗ ಕೇಳಿದ ಒಂದು ಪ್ರಶ್ನೆ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮಲ್ಲಿ ಪ್ರಭವ, ವಿಭವ ಅಂತ 60 ಸಂವತ್ಸರಗಳ ಸುತ್ತು ಇದೆಯಲ್ಲ, ಅವರಿಗೆ 60 ದಿನಗಳ ಸುತ್ತು, ಒಂದೊಂದು ದಿನಕ್ಕೂ ಒಂದು ಹೆಸರು. ಆ ಸುತ್ತಿನ 21ನೇ ದಿನ ಕೇಳುತ್ತಾರೆ, ಫು ಹಾವ್‌ಗೆ ಹೆರಿಗೆ ಒಳ್ಳೇದಾಗಿ ಆಗುತ್ತದೆಯೇ ಎಂದು. ರಾಜ ಬಿರುಕು ನೋಡಿ ಹೇಳುತ್ತಾನೆ: 'ದಿಂಗ್' ಹೆಸರಿನ ದಿನ ಹೆತ್ತರೆ ಒಳ್ಳೇದು, 'ಗೆಂಗ್' ಹೆಸರಿನ ದಿನವಾದರೆ ಇನ್ನೂ ಶುಭ. ಆಮೇಲೆ ಏನಾಯ್ತು ಅನ್ನೋದನ್ನೂ ಕೊರೆದಿದ್ದಾರೆ. 31ನೇ ದಿನ, ಈ ಎರಡೂ ಅಲ್ಲದ ದಿನ, ಅವಳು ಹೆತ್ತಳು. ಒಳ್ಳೇದಾಗಲಿಲ್ಲ. ಹೆಣ್ಣು ಮಗು.

ಇಷ್ಟೇ ಬರಹ. ಓದಿದಾಗ ನನಗಂತೂ ಒಂದು ಕ್ಷಣ ಮಾತು ಹೊರಡಲಿಲ್ಲ. ದಂಡನ್ನು ನಡೆಸಿದ ಹೆಣ್ಣು ಹೆತ್ತದ್ದು ಹೆಣ್ಣು ಅಂತ 'ಒಳ್ಳೇದಾಗಲಿಲ್ಲ' ಅಂತ ಬರೆದಿಟ್ಟಿದ್ದಾರೆ. 1976ರಲ್ಲಿ ಆನ್‌ಯಾಂಗ್‌ನಲ್ಲಿ ಈ ಫು ಹಾವ್‌ಳ ಸಮಾಧಿಯೇ ಸಿಕ್ಕಿತು, ಕಳ್ಳರ ಕೈ ಬೀಳದೆ ಉಳಿದದ್ದು. ಕಂಚಿನ ಪಾತ್ರೆಗಳ ಮೇಲೆ ಅವಳ ಹೆಸರಿತ್ತು. 700ಕ್ಕೂ ಹೆಚ್ಚು ಜೇಡ್ ಕಲ್ಲಿನ ವಸ್ತುಗಳು, ಸಾವಿರಾರು ಕವಡೆಗಳು. ಜೊತೆಗೆ ಬಲಿ ಕೊಟ್ಟ 16 ಜನರ ಅಸ್ಥಿ. ಈ ಲಿಪಿಯ ಸೊಬಗು ಹೊಗಳುವಾಗ ಇದನ್ನು ಬಿಡಬಾರದು. ಪೂರ್ವಜರಿಗೆ ಎಷ್ಟು ಸೆರೆಯಾಳುಗಳನ್ನು ಬಲಿ ಕೊಡೋಣ ಅಂತ ಲೆಕ್ಕ ಕೇಳುವ ಮೂಳೆಗಳು ಬೇಕಾದಷ್ಟಿವೆ.

ಸರಿ, ಈಗ 'ಚಿತ್ರಲಿಪಿ' ಅನ್ನೋ ಮಾತಿಗೆ ಬರೋಣ. ಚಿತ್ರಗಳು ಇವೆ, ಸುಳ್ಳಲ್ಲ. ಸೂರ್ಯ ಅಂದ್ರೆ ನಡುವೆ ಚುಕ್ಕಿ ಅಥವಾ ಗೀಟು ಇರೋ ಒಂದು ವೃತ್ತ. ಚಾಕುವಿನಲ್ಲಿ ಮೂಳೆ ಮೇಲೆ ದುಂಡಗೆ ಕೊರೆಯೋದು ಕಷ್ಟ, ಅದಕ್ಕೇ ಅದು ಚೌಕವೇ ಆಗಿಹೋಯ್ತು. ಆನೆಗೆ ಸೊಂಡಿಲು, ಜಿಂಕೆಗೆ ಕೊಂಬು, ಮರಕ್ಕೆ ಕೊಂಬೆ ಮತ್ತು ಬೇರು. ಆದರೆ ಯೋಚನೆ ಮಾಡಿ. 'ಬಾ', 'ನಾನು', 'ಇಲ್ಲ', 'ಬಹುಶಃ' ಇವಕ್ಕೆಲ್ಲ ಚಿತ್ರ ಬರೆಯೋದು ಹೇಗೆ? ಇವಿಲ್ಲದೆ ವಾಕ್ಯ ಕಟ್ಟೋಕಾಗಲ್ಲ. ವಾಕ್ಯ ಕಟ್ಟೋಕಾಗದಿದ್ದರೆ ಅದು ಲಿಪಿಯೇ ಅಲ್ಲ, ಗೋಡೆ ಮೇಲಿನ ಗುರುತು ಅಷ್ಟೇ.

ಇದಕ್ಕೆ ಅವರು ಹುಡುಕಿದ ದಾರಿಯನ್ನು ನಮ್ಮ ಭಾಷೆಯಲ್ಲೇ ಅರ್ಥ ಮಾಡಿಕೊಳ್ಳಬಹುದು. ಕನ್ನಡಕ್ಕೆ ಲಿಪಿಯೇ ಇಲ್ಲ, ಚಿತ್ರದಲ್ಲೇ ಬರೀಬೇಕು ಅಂತ ಇಟ್ಟುಕೊಳ್ಳಿ. 'ನೆನೆ' ಅನ್ನೋ ಪದ ಬರೀಬೇಕು. ಮಳೆಯಲ್ಲಿ ನಿಂತ ಮನುಷ್ಯನ ಚಿತ್ರ ಬರೆದರೆ ಆಯ್ತು, ಸುಲಭ. ಆದರೆ 'ಅಮ್ಮನನ್ನು ನೆನೆದ' ಅಂತ ಬರೆಯೋದು ಹೇಗೆ? ನೆನಪಿಗೆ ಚಿತ್ರ ಎಲ್ಲಿಂದ ತರೋಣ? ಎರಡಕ್ಕೂ ಸದ್ದು ಒಂದೇ ಅಲ್ವಾ, ಅದಕ್ಕೇ ಮಳೆಯಲ್ಲಿ ನಿಂತವನ ಚಿತ್ರವನ್ನೇ ಇಲ್ಲೂ ಹಾಕ್ತೀವಿ. ಓದುವವನು ಚಿತ್ರ ನೋಡಿ 'ನೆನೆ' ಅಂತ ಉಚ್ಚರಿಸಿ, ಸಂದರ್ಭದಿಂದ ಅರ್ಥ ಹಿಡಿಯುತ್ತಾನೆ. ಆ ಕ್ಷಣಕ್ಕೆ ಚಿತ್ರ ಚಿತ್ರವಾಗಿ ಉಳಿಯಲಿಲ್ಲ, ಸದ್ದಾಯ್ತು.

ಶಾಂಗ್ ಕಾಲದ ಬರಹಗಾರರು ಮಾಡಿದ್ದೂ ಇದೇ. 'ಬರು' ಅನ್ನೋ ಅರ್ಥದ 'ಲಾಯ್' ಪದಕ್ಕೆ ಪೈರಿನ ಚಿತ್ರ ಹಾಕಿದರು, ಗೋಧಿಯ ಜಾತಿಯ ಧಾನ್ಯದ ಹೆಸರಿಗೂ ಅದೇ ಸದ್ದು ಇತ್ತು. 'ನಾನು, ನಾವು' ಅನ್ನೋ 'ವೊ' ಪದಕ್ಕೆ ಹಲ್ಲು ಹಲ್ಲಿನ ಒಂದು ಆಯುಧದ ಚಿತ್ರ. ನನಗೆ ತುಂಬ ಇಷ್ಟವಾದದ್ದು 'ಛಿ'. ಚಿತ್ರ ನಮ್ಮ ಮೊರದಂಥದ್ದು, ಧಾನ್ಯ ಕೇರುವ ಬುಟ್ಟಿ. ಅದೇ ಸದ್ದಿನ ಇನ್ನೊಂದು ಪದಕ್ಕೆ 'ಬಹುಶಃ ಹೀಗಾಗಬಹುದು' ಅನ್ನೋ ಥರದ ಅರ್ಥ. ಶಕುನದ ವಾಕ್ಯಗಳಲ್ಲಿ ಈ ಮೊರ ಎಲ್ಲೆಲ್ಲೂ ಕಾಣಿಸುತ್ತದೆ. ಬಲಗಡೆ ಎಡಗಡೆ ಜೋಡಿ ಪ್ರಶ್ನೆ ಅಂದೆನಲ್ಲ, ಆ ಜೋಡಿಯಲ್ಲಿ ರಾಜನಿಗೆ ಯಾವುದು ಬೇಡವೋ ಆ ಕಡೆಯ ವಾಕ್ಯದಲ್ಲೇ ಈ 'ಛಿ' ಹೆಚ್ಚಾಗಿ ಬರುತ್ತದೆ ಅಂತ ವಿದ್ವಾಂಸರು ಗಮನಿಸಿದ್ದಾರೆ. ಅಂದ್ರೆ 3,200 ವರ್ಷ ಆದ ಮೇಲೂ, ಮೊರದ ಚಿತ್ರ ಎಲ್ಲಿದೆ ನೋಡಿದರೆ ರಾಜ ಯಾವುದಕ್ಕೆ ಹೆದರುತ್ತಿದ್ದ ಅಂತ ಊಹೆ ಮಾಡಬಹುದು!

ಇದರಿಂದ ಗೊಂದಲವೂ ಆಗುತ್ತದೆ. 'ರಾಜ ನೆನೆದ' ಅಂತ ಬರೆದರೆ ಮಳೆಯಲ್ಲೋ, ಮನಸ್ಸಿನಲ್ಲೋ? ಅದಕ್ಕೆ ನಾವೇನು ಮಾಡ್ತೀವಿ, ನೆನಪಿನ 'ನೆನೆ' ಪಕ್ಕಕ್ಕೆ ಒಂದು ಪುಟ್ಟ ಹೃದಯದ ಗುರುತು ಹಾಕ್ತೀವಿ. ಈಗ ಆ ಅಕ್ಷರದಲ್ಲಿ ಎರಡು ಭಾಗ. ಒಂದು ಸದ್ದು ಹೇಳುತ್ತೆ, ಇನ್ನೊಂದು ಅರ್ಥ ಯಾವ ಕಡೆಯದು ಅಂತ ಹೇಳುತ್ತೆ. ಚೀನೀ ಲಿಪಿಯ ಗುಟ್ಟೇ ಇದು. ಮೊರದ ಚಿತ್ರವನ್ನು 'ಬಹುಶಃ' ಅನ್ನೋ ಪದ ಪೂರ್ತಿ ಆಕ್ರಮಿಸಿಕೊಂಡ ಮೇಲೆ, ಪಾಪ, ನಿಜವಾದ ಮೊರಕ್ಕೆ ಅಕ್ಷರ ಇಲ್ಲದಂತಾಯ್ತು. ಆಗ ಅದರ ತಲೆ ಮೇಲೆ ಬಿದಿರಿನ ಗುರುತು ಸೇರಿಸಿ ಹೊಸ ಅಕ್ಷರ ಮಾಡಿಕೊಂಡರು. ಬಿದಿರು ಅರ್ಥಕ್ಕೆ, ಹಳೇ ಮೊರ ಸದ್ದಿಗೆ. ಈಗಿನ ಚೀನೀ ಭಾಷೆಯಲ್ಲಿ ಅಮ್ಮನಿಗೆ 'ಮಾ' ಅಂತಾರೆ. ಅಕ್ಷರದಲ್ಲಿ ಎಡಗಡೆ ಹೆಣ್ಣು, ಬಲಗಡೆ ಕುದುರೆ. ಕುದುರೆಗೂ ಅಮ್ಮನಿಗೂ ಸಂಬಂಧ ಇಲ್ಲ, ಕುದುರೆಗೂ 'ಮಾ' ಅಂತಾರೆ, ರಾಗ ಬೇರೆ ಅಷ್ಟೇ. ಈ ಅಕ್ಷರ ಬಹಳ ತಡವಾಗಿ ಬಂದದ್ದು, ಆದರೆ ತಂತ್ರ ಅದೇ ಹಳೆಯದು. ಈಗಿನ ಚೀನೀ ಅಕ್ಷರಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಹೀಗೆ ಸದ್ದು, ಅರ್ಥ ಎರಡೂ ಕೂಡಿ ಆದವು. ಮೂಳೆಗಳ ಕಾಲದಲ್ಲಿ ಅವು ಕಾಲುಭಾಗದ ಆಸುಪಾಸು ಇದ್ದವು ಅನ್ನೋದು ಒಂದು ಅಂದಾಜು.

ಫು ಹಾವ್ ಹೆಸರಲ್ಲೂ ಇದೇ ಚರ್ಚೆ ಇದೆ. 'ನಿ ಹಾವ್' ಅಂತ ಚೀನೀಯರು ನಮಸ್ಕಾರ ಹೇಳ್ತಾರಲ್ಲ, ಅದರ 'ಹಾವ್' ಅಂದ್ರೆ ಒಳ್ಳೇದು. ಅಕ್ಷರದಲ್ಲಿ ಹೆಣ್ಣು, ಪಕ್ಕದಲ್ಲಿ ಮಗು. ರಾಣಿಯ ಹೆಸರಿನಲ್ಲಿರೋದೂ ಅದೇ ಆಕಾರ. ಆದರೆ ಅಲ್ಲಿ ಅದನ್ನು 'ಹಾವ್' ಅಂತ ಓದಬಾರದು, ಮಗುವಿನ ಚಿತ್ರ 'ಝಿ' ಅನ್ನೋ ಸದ್ದನ್ನು ಕೊಡುತ್ತೆ, ಹೆಣ್ಣಿನ ಚಿತ್ರ ಇದು ಹೆಂಗಸಿನ ಹೆಸರು ಅಂತ ತಿಳಿಸುತ್ತೆ ಅನ್ನೋ ವಿದ್ವಾಂಸರಿದ್ದಾರೆ. ಹಾಗಾದರೆ ಅವಳನ್ನು ಫು ಝಿ ಅನ್ನಬೇಕಾಗುತ್ತೆ. ರೂಢಿಯಲ್ಲಿ ಫು ಹಾವ್ ಅಂತಲೇ ಉಳಿದಿದೆ.

ಈಗ ಎರಡನೇ ಮಾತು, ಶಕುನಕ್ಕಾಗಿ ಹುಟ್ಟಿದ ಲಿಪಿ ಅನ್ನೋದು. ಗಮನಿಸಿ, ಇಷ್ಟೊತ್ತು ಹೇಳಿದ ತಂತ್ರಗಳೆಲ್ಲ ಮೊದಲ ಮೂಳೆಗಳಲ್ಲೇ ಇವೆ. ಸಾವಿರಾರು ಅಕ್ಷರ, ಸದ್ದಿನ ಸಾಲ, ವ್ಯಾಕರಣ, ತಾರೀಕು ಹಾಕೋ ಪದ್ಧತಿ ಎಲ್ಲ ಸಿದ್ಧವಾಗಿವೆ. ತೊದಲು ಇಲ್ಲ. ಇಂಥ ಲಿಪಿ ಒಂದು ಬೆಳಗ್ಗೆ ಎದ್ದು ವು ದಿಂಗ್‌ನ ಅರಮನೆಯಲ್ಲಿ ಹುಟ್ಟಿರೋಕೆ ಸಾಧ್ಯವಿಲ್ಲ. ಹಾಗಾದರೆ ಬಾಲ್ಯ ಎಲ್ಲಿ?

ಒಂದು ಸುಳಿವು ಮೂಳೆಗಳಲ್ಲೇ ಇದೆ. ಅಲ್ಲಿ 'ತ್ಸ' ಅಂತ ಒಂದು ಅಕ್ಷರ ಬರುತ್ತೆ. ಉದ್ದುದ್ದ ಪಟ್ಟಿಗಳನ್ನು ಸಾಲಾಗಿಟ್ಟು ದಾರದಿಂದ ಹೆಣೆದ ಚಿತ್ರ. ಅಂದ್ರೆ ಪುಸ್ತಕ! ನಮ್ಮ ಓಲೆಗರಿಯ ಕಟ್ಟಿನ ಹಾಗೆ ಅವರದು ಬಿದಿರು ಅಥವಾ ಮರದ ಸೀಳುಗಳ ಕಟ್ಟು. ಕೈಯಲ್ಲಿ ಕುಂಚ ಹಿಡಿದ ಚಿತ್ರದ ಅಕ್ಷರವೂ ಇದೆ. ಕೆಲವು ಮೂಳೆಗಳ ಮೇಲೆ ಕೆತ್ತದೆ ಕುಂಚದಲ್ಲೇ ಬರೆದ ಬರಹ ಉಳಿದಿದೆ. ಇನ್ನೊಂದು ಮಜಾ ಗೊತ್ತಾ? ಮೂಳೆಗಳಲ್ಲಿ ಕುದುರೆ, ನಾಯಿ, ಹಂದಿ ಎಲ್ಲ ಬಾಲದ ಮೇಲೆ ನೆಟ್ಟಗೆ ನಿಂತಿರುತ್ತವೆ, ಕಾಲುಗಳು ಪಕ್ಕಕ್ಕೆ ತಿರುಗಿ. ಯಾಕೆ? ಕಿರಿದಾದ ಬಿದಿರಿನ ಪಟ್ಟಿಯ ಮೇಲೆ ಮೇಲಿನಿಂದ ಕೆಳಗೆ ಬರೆದೂ ಬರೆದೂ, ಅಗಲವಾದ ಪ್ರಾಣಿಗೆ ಜಾಗ ಸಾಲದೆ ಎತ್ತಿ ನಿಲ್ಲಿಸಿರಬೇಕು ಅನ್ನೋದು ಒಳ್ಳೆ ಊಹೆ. ಆಮೆಯ ಚಿಪ್ಪು ಅಗಲವಾಗಿದೆ, ಅಲ್ಲಿ ಆ ತಾಪತ್ರಯ ಇರಲಿಲ್ಲ.

ಬಿದಿರು ಮಣ್ಣಲ್ಲಿ ಕೊಳೆಯುತ್ತೆ, ಮೂಳೆ ಉಳಿಯುತ್ತೆ. ಮೆಸೊಪೊಟೇಮಿಯಾದಲ್ಲಿ ಕ್ರಿ.ಪೂ. 3200ರ ಸುಮಾರಿನ ಬರಹಗಳು ನೋಡಿದರೆ ಧಾನ್ಯ, ಕುರಿ, ಕೂಲಿಯ ಲೆಕ್ಕ. ಅವರು ಬರೆದದ್ದು ಜೇಡಿಮಣ್ಣಿನ ಹಲಗೆ ಮೇಲೆ, ಅದಕ್ಕೇ ಲೆಕ್ಕ ಉಳಿಯಿತು. ಶಾಂಗ್ ಅರಮನೆಯಲ್ಲೂ ದವಸದ ಲೆಕ್ಕ, ಅಪ್ಪಣೆ, ಕಾಗದಪತ್ರ ಇದ್ದಿರಲೇಬೇಕು. ನಮಗೆ ಸಿಕ್ಕಿರೋದು ದೇವರಮನೆಯ ಕಪಾಟು ಮಾತ್ರ, ಅಡುಗೆಮನೆಯದು ಹೋಗಿದೆ. ಅದೊಂದನ್ನೇ ನೋಡಿ ಈ ಲಿಪಿ ಶಕುನಕ್ಕೇ ಹುಟ್ಟಿತು ಅನ್ನೋದು ಅವಸರದ ತೀರ್ಮಾನ.

ಇನ್ನೂ ಹಿಂದಕ್ಕೆ ಹೋದರೆ? ಹೆನಾನ್‌ನ ಜಿಯಾಹುವಿನಲ್ಲಿ 8,000 ವರ್ಷಕ್ಕೂ ಹಳೆಯ ಆಮೆಚಿಪ್ಪಿನ ಮೇಲೆ ಗುರುತುಗಳು ಸಿಕ್ಕಿವೆ. ಶಿಯಾನ್ ಹತ್ತಿರದ ಬಾನ್‌ಪೊದಲ್ಲಿ ಮಡಕೆಗಳ ಮೇಲೆ ಗೀಟುಗಳಿವೆ. ಪೂರ್ವದ ದಾವೆನ್‌ಕೌ ಸಂಸ್ಕೃತಿಯ ಮಡಕೆಗಳ ಮೇಲೆ ಸೂರ್ಯ, ಬೆಂಕಿ ಅಥವಾ ಮೋಡದಂಥ ಚಿತ್ರಗಳಿವೆ. ಚೀನಾದಲ್ಲಿ ಇವನ್ನೇ ಲಿಪಿಯ ಹುಟ್ಟು ಅನ್ನೋರಿದ್ದಾರೆ, ನಾಗರಿಕತೆ ಎಷ್ಟು ಹಳೆಯದು ಅನ್ನೋ ಹೆಮ್ಮೆಯೂ ಇದರಲ್ಲಿ ಸೇರಿಕೊಂಡಿದೆ. ಆದರೆ ಅವೆಲ್ಲ ಒಂಟಿ ಗುರುತುಗಳು. ಕುಂಬಾರನ ಗುರುತು, ಮಾಲೀಕನ ಗುರುತು, ಕುಲದ ಗುರುತು ಏನು ಬೇಕಾದರೂ ಇರಬಹುದು. ಸಾಲಾಗಿ ನಿಂತು ಮಾತಾಡುವ ತನಕ ಅದನ್ನು ಲಿಪಿ ಅನ್ನೋಕೆ ನನಗೆ ಧೈರ್ಯ ಸಾಲದು. ಚೀನೀಯರ ಹಳೇ ಕಥೆಯಲ್ಲಿ ಅಕ್ಷರ ಕಂಡುಹಿಡಿದವನು ನಾಲ್ಕು ಕಣ್ಣಿನ ತ್ಸಾಂಗ್ ಜಿಯೆ. ಅವನು ಅಕ್ಷರ ಮಾಡಿದ ದಿನ ಆಕಾಶದಿಂದ ನವಣೆಯಂಥ ಕಾಳಿನ ಮಳೆ ಸುರಿಯಿತಂತೆ, ರಾತ್ರಿ ದೆವ್ವಗಳು ಅತ್ತವಂತೆ.

ಮುಂದಿನದನ್ನು ಚುರುಕಾಗಿ ಹೇಳ್ತೀನಿ. ಕ್ರಿ.ಪೂ. 1046ರ ಸುಮಾರಿಗೆ ಝೌ ವಂಶದವರು ಶಾಂಗ್ ರಾಜ್ಯವನ್ನು ಗೆದ್ದರು, ಲಿಪಿಯನ್ನು ಮಾತ್ರ ಉಳಿಸಿಕೊಂಡರು. ಅವರ ಕಾಲದಲ್ಲಿ ಕಂಚಿನ ಪಾತ್ರೆಗಳ ಒಳಮೈಯಲ್ಲಿ ಉದ್ದುದ್ದ ಬರಹಗಳು ಬಂದವು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದದ್ದರಿಂದ ಗೆರೆಗಳು ಮತ್ತೆ ದುಂಡಗಾದವು. ಆಮೇಲೆ ರಾಜ್ಯಗಳು ಒಡೆದು, ಒಂದೊಂದು ಕಡೆ ಒಂದೊಂದು ಥರ ಬರವಣಿಗೆ ಆಯ್ತು. ಕ್ರಿ.ಪೂ. 221ರಲ್ಲಿ ಚಿನ್ ಚಕ್ರವರ್ತಿ ಎಲ್ಲವನ್ನೂ ಗೆದ್ದು, ತೂಕ, ಅಳತೆ, ಬಂಡಿಯ ಅಚ್ಚಿನ ಅಗಲದ ಜೊತೆಗೆ ಅಕ್ಷರಗಳನ್ನೂ ಒಂದೇ ಮಾದರಿಗೆ ತಂದ. ಗುಮಾಸ್ತರು ಕೆಲಸದ ಒತ್ತಡದಲ್ಲಿ ಬೇಗ ಬೇಗ ಬರೆದದ್ದರಿಂದ ಬಾಗಿದ ಗೆರೆಗಳು ನೇರವಾದವು, ಚಿತ್ರದ ಕುರುಹೂ ಬಹುಪಾಲು ಅಳಿಯಿತು.

ಎಷ್ಟರ ಮಟ್ಟಿಗೆ ಅಂದ್ರೆ, ಕ್ರಿ.ಶ. 100ರ ಸುಮಾರಿಗೆ ಶು ಶೆನ್ ಎಂಬ ಮಹಾ ಪಂಡಿತ 9,353 ಅಕ್ಷರಗಳ ನಿಘಂಟು ಮಾಡಿದಾಗ, 'ಮಾಡು' ಅನ್ನೋ ಅರ್ಥದ 'ವೆಯ್' ಅಕ್ಷರಕ್ಕೆ ಮೂಲ ಹೆಣ್ಣು ಕೋತಿಯ ಚಿತ್ರ ಅಂತ ಬರೆದ. ಮೂಳೆಗಳು ಅವನ ಕಾಲಕ್ಕೆ ಮಣ್ಣಿನಡಿ ಇದ್ದವು, ನೋಡೋ ಅವಕಾಶವೇ ಇರಲಿಲ್ಲ. ನಾವು ಈಗ ಮೂಳೆ ಮೇಲೆ ನೋಡಿದರೆ ಅದು ಕೋತಿ ಅಲ್ಲ. ಒಂದು ಕೈ, ಆ ಕೈ ಹಿಡಿದಿರುವುದು ಆನೆಯ ಸೊಂಡಿಲು! ಆನೆಯನ್ನು ಪಳಗಿಸಿ ಕೆಲಸ ಮಾಡಿಸೋದೇ 'ಮಾಡು'. ಹೆನಾನ್‌ನಲ್ಲಿ ಈಗ ಕಾಡಾನೆ ಇಲ್ಲ. ಆಗ ಹವೆ ಬೆಚ್ಚಗಿತ್ತು, ಆನ್‌ಯಾಂಗ್‌ನಲ್ಲಿ ಆನೆಯ ಅಸ್ಥಿಗಳೂ ಸಿಕ್ಕಿವೆ. ಹೆನಾನ್ ಪ್ರಾಂತ್ಯದ ಹಳೇ ಚುಟುಕು ಹೆಸರು 'ಯು', ಆ ಅಕ್ಷರದಲ್ಲಿ ಇವತ್ತಿಗೂ ಒಂದು ಆನೆ ಇದೆ.

ಇಲ್ಲಿಯವರೆಗೆ ಸಿಕ್ಕಿರೋ ಮೂಳೆ, ಚಿಪ್ಪಿನ ತುಂಡುಗಳು ಸುಮಾರು 1,50,000. ಅವುಗಳಲ್ಲಿ ಬೇರೆ ಬೇರೆ ಅಕ್ಷರಗಳು 4,000ಕ್ಕೂ ಮೇಲೆ. ನಂಬಿಕೆಯಿಂದ ಓದೋಕೆ ಆಗೋದು ಅದರಲ್ಲಿ ಮೂರನೇ ಒಂದು ಭಾಗದಷ್ಟು. 2016ರಲ್ಲಿ ಆನ್‌ಯಾಂಗ್‌ನ ಅಕ್ಷರ ಮ್ಯೂಸಿಯಂ ಒಂದು ಬಹುಮಾನ ಸಾರಿತು: ಹೊಸದಾಗಿ ಒಂದು ಅಕ್ಷರ ಬಿಡಿಸಿ, ಪುರಾವೆ ಸಮೇತ ಒಪ್ಪಿಸಿದರೆ 1,00,000 ಯುವಾನ್. ಕೇಳೋಕೆ ಸುಲಭದ ದುಡ್ಡು. ಆದರೆ ಉಳಿದವುಗಳಲ್ಲಿ ಹೆಚ್ಚಿನವು ಊರಿನ ಹೆಸರು, ಕುಲದ ಹೆಸರು, ಜನರ ಹೆಸರು. ಎಲ್ಲೋ ಒಂದೆರಡು ಸಲ ಬಂದು ಮಾಯವಾಗುತ್ತವೆ. ರಾಜ ಒಂದು ದಿನ ಬೇಟೆಗೆ ಹೋದ ಊರು ಅಂತ ಗೊತ್ತಾಗುತ್ತೆ, ಆ ಊರನ್ನು ಏನಂತ ಕೂಗುತ್ತಿದ್ದರು ಅನ್ನೋದು ಮಾತ್ರ ಆ ಊರಿನ ಜೊತೆಗೇ ಹೋಗಿದೆ.

ಇವತ್ತಿಗೆ ಇಲ್ಲಿಗೆ ನಿಲ್ಲಿಸ್ತೀನಿ. ಮುಂದಿನ ವಾರ ಸಿಗೋಣ.